ಲಗ್ನದಲ್ಲಿ ಮಾತ್ರ ಬರುವ ಉಬ್ಬಸ

ಚಿಂತಾಮಣಿಯ ಕಡೆ ಮದುವೆ ಮೆರವಣಿಗೆ ಬಂತೆಂದರೆ ಮೊದಲು ಮನೆಯಿಂದ ಆಚೆ ಬರುವವರು ಮಕ್ಕಳು, ಆಮೇಲೆ ಮುದುಕಿಯರು, ಕೊನೆಗೆ ಗಂಡಸರು. ಆದರೆ ಮೆರವಣಿಗೆಯಲ್ಲಿ ಆವಲಪ್ಪನ ಕ್ಲಾರಿನೆಟ್ ಇದೆ ಎಂದು ಗೊತ್ತಾದರೆ ಈ ಸರದಿಯೆಲ್ಲ ಕಲಸಿಹೋಗುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದ ಹೆಂಗಸರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬರುತ್ತಿದ್ದರು. ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನು ಸೋಪಿನ ಮುಖದಲ್ಲೇ ರಸ್ತೆಗೆ ಬಂದು ನಿಂತದ್ದನ್ನು ಕಣ್ಣಾರೆ ಕಂಡವರು ಈಗಲೂ ಇದ್ದಾರೆ. ಉಪ್ಪು ಖಾರ ಹಚ್ಚಿದ ಮಾತಲ್ಲ ಇದು. ಬೇಕಾದರೆ ಹೋಗಿ ವಿಚಾರಿಸಿ.

ಆವಲಪ್ಪ ಅಂಬಾಜಿದುರ್ಗದ ಬುಡದ ಹಳ್ಳಿಯವನು. ಚೆನ್ನರಾಯಪ್ಪನ ಬ್ಯಾಂಡ್ ಸೆಟ್ಟಿಗೆ ಸೇರಿದ್ದು ಡ್ರಮ್ ಹೊರುವುದಕ್ಕೆ. ಒಂದು ಮದುವೆಯಲ್ಲಿ ಕ್ಲಾರಿನೆಟ್ ಊದುವವನು ತನ್ನ ಎಲೆಗೆ ಪಾಯಸ ಬಡಿಸಲಿಲ್ಲವೆಂದು ಮುನಿಸಿಕೊಂಡು, ಕ್ಲಾರಿನೆಟ್ಟನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಬಸ್ಸು ಹತ್ತಿ ಹೊರಟೇಹೋದ. ಮದುಮಗ ಹೂವಿನ ಕಾರಿನಲ್ಲಿ ಬೆವರುತ್ತ ಕಾಯುತ್ತಿದ್ದಾನೆ, ಚೆನ್ನರಾಯಪ್ಪ ಟ್ರಂಪೆಟ್ ಹಿಡಿದು ಬಾಯಿ ಬಾಯಿ ಬಡಿದುಕೊಳ್ಳುತ್ತಿದ್ದಾನೆ. ಆಗ ಆವಲಪ್ಪ ಡ್ರಮ್ ಕೆಳಗಿಟ್ಟು ಆ ಅನಾಥ ಕ್ಲಾರಿನೆಟ್ಟನ್ನು ಬಾಯಿಗಿಟ್ಟುಕೊಂಡ. ಮೊದಲು ಬಂದದ್ದು ಕತ್ತು ಹಿಚುಕಿದ ಮೇಕೆಯ ಕೂಗು. ಜನ ಬಿದ್ದು ಬಿದ್ದು ನಕ್ಕರು. ಎರಡನೇ ಸಲಕ್ಕೆ ಹಾಡು ಬಂತು. ಬಿಡುವಿನಲ್ಲೆಲ್ಲ ಆ ಕ್ಲಾರಿನೆಟ್ಟಿನವನ ಬೆರಳುಗಳನ್ನೇ ನೋಡುತ್ತ ಕೂತಿದ್ದ ಆವಲಪ್ಪ, ತನ್ನ ಬೆರಳುಗಳಿಗೆ ಎಲ್ಲವನ್ನೂ ಕಲಿಸಿಟ್ಟಿದ್ದ. ಊದುವಾಗ ಕೆನ್ನೆ ಉಬ್ಬಿಸಬಾರದು ಎಂದು ಬಲ್ಲವರು ಹೇಳುತ್ತಾರಂತೆ. ಆವಲಪ್ಪನಿಗೆ ಆ ಬಲ್ಲವರು ಸಿಕ್ಕಿರಲಿಲ್ಲ, ಹಾಗಾಗಿ ಅವನ ಕೆನ್ನೆಗಳು ಎರಡು ಪೂರಿಯ ಹಾಗೆ ಉಬ್ಬಿಯೇ ಉಬ್ಬುತ್ತಿದ್ದವು.

ಅವನ ಹೆಸರು ಊರೂರಿಗೆ ಹರಡಿದ್ದು ಅವನ ಉಸಿರಿನಿಂದ. ಹಾಡಿನ ಕೊನೆಗೆ ಒಂದು ಸ್ವರ ಹಿಡಿದನೆಂದರೆ ಮುಗಿಯಿತು, ಬಿಡುವವನಲ್ಲ. ಕುಣಿಯುವ ಹುಡುಗರು ಎತ್ತಿದ ಕೈ ಎತ್ತಿದಂತೆಯೇ ನಿಲ್ಲಬೇಕು. ಸ್ವರ ಇಳಿಯುವ ಮುಂಚೆ ಕೈ ಇಳಿಸಿದವನು ಸೋತ ಹಾಗೆ. ತೋಳು ನೋಯುತ್ತಿದ್ದವರು, "ಸಾಕು ಬಿಡಣ್ಣೋ, ಬಿಡಪ್ಪೋ!" ಎಂದು ಕೂಗಿಕೊಳ್ಳುತ್ತಿದ್ದರು. ಆವಲಪ್ಪ ಕಣ್ಣಲ್ಲೇ ನಗುತ್ತ ಇನ್ನೂ ಸ್ವಲ್ಪ ಎಳೆಯುತ್ತಿದ್ದ. ಹೆಂಡತಿ ಅಶ್ವತ್ಥಮ್ಮನಿಗೆ ಹೆಮ್ಮೆಯೂ ಹೌದು, ಹೊಟ್ಟೆಕಿಚ್ಚೂ ಹೌದು. "ಆ ಕೊಳವೆ ಜೊತೆ ಇಷ್ಟು ಹೊತ್ತು ಉಸುರ್ತೀಯಲ್ಲ, ಮನೇಲಿ ನನ್ನ ಜೊತೆ ನಾಲ್ಕು ಮಾತು ಆಡೋಕೆ ನಿಂಗೆ ಉಸಿರಿರಲ್ವಾ?" ಎಂದು ಕೇಳುತ್ತಿದ್ದಳು.

ಅಂಥವನಿಗೆ, ತಲೆಯಲ್ಲಿ ಬಿಳಿಗೂದಲು ಕಪ್ಪನ್ನು ಮೀರುವ ವಯಸ್ಸಿನಲ್ಲಿ, ಉಸಿರು ಕೈಕೊಟ್ಟಿತು. ಮೊದಲ ಸಲ ಪೆರೇಸಂದ್ರದಲ್ಲಿ, ಹೈವೇ ಪಕ್ಕದ ಛತ್ರದ ಮುಂದೆ. ಮದುಮಗನ ಗೆಳೆಯರು ರಸ್ತೆಯುದ್ದಕ್ಕೂ ಪಟಾಕಿ ಸರ ಹಾಸಿ ಹೊತ್ತಿಸಿದರು. ಪಟಪಟ ಸಿಡಿದು ಬಿಳಿ ಹೊಗೆ ಎದ್ದಿತು. ಬ್ಯಾಂಡಿನವರು ಆ ಹೊಗೆಯೊಳಕ್ಕೇ ಊದಿಕೊಂಡು ನಡೆಯಬೇಕು, ಅದು ಗತ್ತು. ಹಿಂದೆ ನಿಂತರೆ "ಏನಯ್ಯಾ, ನಿಮ್ಮ ಬ್ಯಾಂಡಿಗೆ ಪಟಾಕಿ ಭಯಾನಾ?" ಎನ್ನುತ್ತಾರೆ. ಆವಲಪ್ಪ ಎಂದಿನಂತೆ ಎದೆ ತುಂಬ ಗಾಳಿ ಎಳೆದುಕೊಂಡ. ಎಳೆದ ಗಾಳಿ ಒಳಗೆ ಹೋಯಿತು, ಹೊರಗೆ ಬರಲು ಒಪ್ಪಲಿಲ್ಲ. ಎದೆಗೆ ಹಗ್ಗ ಸುತ್ತಿ ಯಾರೋ ಬಿಗಿಯುತ್ತಿರುವ ಹಾಗಾಯಿತು. ಗಂಟಲಿನೊಳಗೆ ಕುಂಯ್ ಕುಂಯ್ ಎಂದು ಬೇರೆಯೇ ಒಂದು ವಾದ್ಯ ಶುರುವಾಯಿತು. ಅವನು ಜನರೇಟರ್ ಗಾಡಿಗೆ ಒರಗಿ ನಿಂತ. ಆ ಗಾಡಿಯ ಡೀಸೆಲ್ ಹೊಗೆ ಅವನ ಮುಖಕ್ಕೇ ಹೊಡೆಯುತ್ತಿತ್ತು, ಪಾಪ, ಅದರಿಂದಲೂ ಕೆಡುತ್ತದೆ ಎಂದು ಅವನಿಗೇನು ಗೊತ್ತು?

ಅಲ್ಲಿಂದ ಮುಂದೆ ಇದೇ ಪಾಡು. ವಯಸ್ಸಾಯಿತು ಎಂದರು ಕೆಲವರು. ರಾತ್ರಿಯಿಡೀ ಕುಡಿದಿದ್ದಾನೆ ಎಂದರು ಇನ್ನು ಕೆಲವರು; ಜನ್ಮದಲ್ಲಿ ಹೆಂಡ ಮುಟ್ಟದವನಿಗೆ ಆ ಮಾತು ಕೇಳಿ ಮೈ ಉರಿದುಹೋಯಿತು. ಮುಂದಿನ ವರ್ಷಕ್ಕೆ ಕ್ಲಾರಿನೆಟ್ ಬದಲು ಕೀಬೋರ್ಡ್ ಇಟ್ಟುಕೊಂಡರೆ ಹೇಗೆ ಎಂದು ಬ್ಯಾಂಡಿನ ಹುಡುಗರು ಪಿಸುಗುಟ್ಟತೊಡಗಿದರು. ಚೆನ್ನರಾಯಪ್ಪ ಮಾತ್ರ ಗೆಳೆತನ ಬಿಡಲಿಲ್ಲ. "ಹೊಗೆ ಎದ್ದಾಗ ನೀನು ಸುಮ್ನೆ ಬೆರಳಾಡಿಸು ಕಣೋ. ನಾನು ಟ್ರಂಪೆಟ್ಟಲ್ಲಿ ಮುಚ್ಚಾಕ್ತೀನಿ," ಎಂದ. ಹೀಗೆ ಆವಲಪ್ಪ ಸುಳ್ಳು ಊದುವುದನ್ನು ಕಲಿತ. ಬೆರಳು ಓಡುತ್ತಿದ್ದವು, ತಲೆ ತೂಗುತ್ತಿತ್ತು, ಕೊಳವೆಯಲ್ಲಿ ಗಾಳಿಯೇ ಇರುತ್ತಿರಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಸಂಕಟ.

ವಿಚಿತ್ರವೆಂದರೆ ಆಷಾಢದಲ್ಲಿ ಅವನು ಕಲ್ಲುಗುಂಡಿನ ಹಾಗಿರುತ್ತಿದ್ದ. ಗದ್ದೆ ಬದುವಿನ ಮೇಲೆ ಕೂತು ಬೆಳಗಿನಿಂದ ಊದಿದರೂ ಏನೂ ಆಗುತ್ತಿರಲಿಲ್ಲ. ಶ್ರಾವಣ ಬಂತು, ಲಗ್ನ ಶುರುವಾದವು, ಕುಂಯ್ ಕುಂಯ್ ವಾಪಸ್ಸು ಬಂತು. ಇನ್ನೇನು ಬೇಕು ಅಶ್ವತ್ಥಮ್ಮನಿಗೆ! "ನಾನು ಹೇಳ್ಲಿಲ್ವಾ? ಮದುವೆ ಮನೆ ಕಣ್ಣು ಬಿದ್ದೈತೆ ನಿಂಗೆ. ಊರೋರ ಕಣ್ಣೆಲ್ಲ ನಿನ್ನ ಕೆನ್ನೆ ಮೇಲೇ," ಎಂದು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಆ ಘಾಟಿಗೆ ಆವಲಪ್ಪ ಕಣ್ಣು ಮೂಗಲ್ಲಿ ನೀರು ಸುರಿಸುತ್ತ ಕೆಮ್ಮಿ ಕೆಮ್ಮಿ ಹೊಸಲಿನ ಮೇಲೆ ಕೂತ. "ನೋಡು ನೋಡು, ದೃಷ್ಟಿ ಹೆಂಗೆ ಬಿಡ್ತಾ ಐತೆ!" ಎಂದು ಅವಳು ಇನ್ನೊಂದು ಹಿಡಿ ಹಾಕಿದಳು. ಪ್ರೀತಿ ಹೆಚ್ಚಾದಾಗ ಮನುಷ್ಯರು ಹೀಗೇ ಮಾಡುವುದು.

ಅವನ ಗುಟ್ಟು ರಟ್ಟಾದದ್ದು ಮಗಳ ಕೈಯಲ್ಲಿ. ಶ್ರೀವಿದ್ಯಾ ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಟೀಚರು. ಜೊತೆಯ ಟೀಚರೊಬ್ಬಳ ಮದುವೆಗೆ ಹೋಗಿದ್ದಾಗ ಅಲ್ಲಿಗೆ ಅಪ್ಪನ ಬ್ಯಾಂಡೇ ಬಂದಿತ್ತು. ಗೆಳತಿಯರಿಗೆಲ್ಲ "ನಮ್ಮಪ್ಪ, ನಮ್ಮಪ್ಪ" ಎಂದು ತೋರಿಸುತ್ತ ನಿಂತವಳು, ಪಟಾಕಿ ಸಿಡಿದ ಮೇಲೆ ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದಳು. ಮಾರನೆಯ ದಿನ ಮನೆಗೆ ಬಂದವಳೇ ಅಡುಗೆಮನೆ ಬಾಗಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಪ್ಪ, ನಿನ್ನೆ ನೀನು ಊದಿದ್ದು ಸುಳ್ಳು."

"ಯಾರಮ್ಮ ಹೇಳಿದ್ದು? ಹಾಡು ಕೇಳಿಸ್ಲಿಲ್ವಾ ನಿಂಗೆ?"

"ಹಾಡು ಚೆನ್ನರಾಯಪ್ಪ ಮಾಮಂದು. ನಿನ್ನ ಕೆನ್ನೆ ಉಬ್ಬಿರಲಿಲ್ಲ. ಹುಟ್ಟಿದಾಗಿಂದ ನೋಡ್ತಿರೋ ಕೆನ್ನೆ ಅದು, ನಂಗೆ ಗೊತ್ತಾಗಲ್ವಾ?"

ಆವಲಪ್ಪ ತಲೆ ತಗ್ಗಿಸಿದ. ಆಮೇಲೆ, ಬೇಡ ಬೇಡ ಎಂದುಕೊಂಡರೂ, ಅವನ ಕಣ್ಣಲ್ಲಿ ನೀರು ಬಂತು. ಮಗಳಿಗೂ ಬಂತು. ಅಶ್ವತ್ಥಮ್ಮ ಮೆಣಸಿನಕಾಯಿ ಡಬ್ಬಿಯ ಕಡೆ ಕೈ ಚಾಚಿದಾಗ ಶ್ರೀವಿದ್ಯಾ ಡಬ್ಬಿಯನ್ನು ಕಿತ್ತುಕೊಂಡು, "ನಾಳೆ ಆಸ್ಪತ್ರೆಗೆ ಹೋಗಣ," ಎಂದಳು.

ಆಸ್ಪತ್ರೆಯಲ್ಲಿದ್ದದ್ದು ಡಾಕ್ಟರ್ ರೂಪ. ಎದೆಗೆ ಸ್ಟೆತೊಸ್ಕೋಪ್ ಇಟ್ಟು ಕೇಳಿ, "ಇದು ಯಾವಾಗ ಬರುತ್ತೆ?" ಎಂದರು.

"ಲಗ್ನ ಇದ್ದಾಗ ಮೇಡಂ. ಆಷಾಢದಲ್ಲಿ ಇರಲ್ಲ."

ಡಾಕ್ಟರು ಕಣ್ಣು ಪಿಳುಕಿಸಿದರು. "ಬೇರೆ ಯಾವಾಗ?"

"ಗಣೇಶನ್ನ ಬಿಡೋವಾಗ ಬರುತ್ತೆ. ಧನುರ್ಮಾಸದಲ್ಲಿ ಪೂರ್ತಿ ವಾಸಿ."

"ಪಂಚಾಂಗ ನೋಡಿ ಬರೋ ಕಾಯಿಲೇನಾ?" ಎಂದು ಅವರು ನಕ್ಕುಬಿಟ್ಟರು. ನಕ್ಕರೂ ಬಿಡಲಿಲ್ಲ, ಪುಣ್ಯಾತ್ಗಿತ್ತಿ. ಮದುವೆಯಲ್ಲಿ ಏನು ತಿಂತೀರಿ, ಹೂವಿನ ಹಾರ ಹಾಕಿಕೊಳ್ತೀರಾ, ಸೆಂಟು ಹೊಡೀತಾರಾ ಎಂದು ಒಂದೊಂದಾಗಿ ಕೇಳುತ್ತ ಹೋದರು. ಕೊನೆಗೆ ಆವಲಪ್ಪನೇ, "ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುತ್ತಲ್ಲ ಮೇಡಂ, ಆ ಘಾಟು ಬಂತಂದ್ರೆ ಎದೆ ಹಿಡ್ಕೊಳ್ಳುತ್ತೆ. ಪಟಾಕಿ ಹೊಡೆದಾಗ," ಎಂದ.

"ಅದೇ ನೋಡಿ!" ಎಂದು ಡಾಕ್ಟರು ಮೇಜು ತಟ್ಟಿದರು. ಉಸಿರಿನ ಬಲ ಅಳೆಯುವ, ಮುಳ್ಳಿರುವ ಒಂದು ಕೊಳವೆ ಕೊಟ್ಟು, ಜೋರಾಗಿ ಊದಿ ಎಂದರು. ಬ್ಯಾಂಡಿನವನಿಗೆ ಊದು ಎನ್ನುವುದೇ? ಆವಲಪ್ಪ ಪ್ರಾಣವನ್ನೆಲ್ಲ ಒಟ್ಟುಮಾಡಿ ಊದಿದ. ಮುಳ್ಳು ಅರ್ಧಕ್ಕೇ ಸುಸ್ತಾಗಿ ನಿಂತಿತು. ಔಷಧಿಯ ಪಂಪಿನಿಂದ ಎರಡು ಸಲ ಎಳೆಸಿ, ಸ್ವಲ್ಪ ಹೊತ್ತು ಕೂರಿಸಿ, ಮತ್ತೆ ಊದಿಸಿದರು. ಈ ಸಲ ಮುಳ್ಳು ಸರಸರ ಮೇಲೇರಿತು. ಆವಲಪ್ಪ ಆ ಮುಳ್ಳನ್ನೇ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ.

ಡಾಕ್ಟರು ಬಿಡಿಸಿ ಹೇಳಿದರು. "ನಿಮಗಿರೋದು ಉಬ್ಬಸ, ಅಸ್ತಮಾ. ಪಟಾಕಿ ಮದ್ದಲ್ಲಿ ಗಂಧಕ ಇರುತ್ತೆ. ಅದು ಉರಿದಾಗ ಸಲ್ಫರ್ ಡೈಆಕ್ಸೈಡ್ ಅನ್ನೋ ಗಾಳಿ ಹುಟ್ಟುತ್ತೆ. ಬೇರೆಯವರಾದ್ರೆ ಒಂದೆರಡು ಸಲ ಕೆಮ್ಮಿ ಸುಮ್ಮನಾಗಬಹುದು. ಉಬ್ಬಸ ಇರೋರಿಗೆ ಕೆಲವೇ ನಿಮಿಷದಲ್ಲಿ ಎದೆಯೊಳಗಿನ ಸಣ್ಣ ನಾಳಗಳು ಮುದುಡಿಕೊಂಡುಬಿಡ್ತವೆ. ಅದರಲ್ಲೂ ನೀವು ನಡ್ಕೊಂಡು, ಬಾಯಿ ತುಂಬ ಗಾಳಿ ಎಳೆಯೋರು. ಮೂಗಾದ್ರೆ ಆ ಗಾಳೀನ ಅಷ್ಟೋ ಇಷ್ಟೋ ತಡೆಯುತ್ತೆ. ಬಾಯಿ ತಡೆಯಲ್ಲ, ನೇರ ಒಳಗೆ ಬಿಡುತ್ತೆ. ಡೀಸೆಲ್ ಹೊಗೆ, ಇಟ್ಟಿಗೆ ಗೂಡಲ್ಲಿ ಕಲ್ಲಿದ್ದಲು ಸುಡೋ ಹೊಗೆ, ಅವುಗಳಲ್ಲೂ ಇದೇ ಇರುತ್ತೆ. ಜನರೇಟರ್ ಪಕ್ಕ ನಿಲ್ಲಬೇಡಿ."

"ಹಂಗಾದ್ರೆ ಊದೋದು ಬಿಡಬೇಕಾ ಮೇಡಂ?" ಎಂದು ಆವಲಪ್ಪ ಕೇಳಿದ.

"ಊದೋದನ್ನ ಯಾಕೆ ಬಿಡ್ತೀರಿ? ಹೊಗೆ ಬಿಡಿ. ಈ ಪಂಪು ದಿನಾ ಎರಡು ಹೊತ್ತು, ಎಳೆದ ಮೇಲೆ ಬಾಯಿ ಮುಕ್ಕಳಿಸಬೇಕು. ಈ ನೀಲಿದು ಎದೆ ಹಿಡ್ಕೊಂಡಾಗ. ಮೊದಲನೇದು ಒಂದು ದಿನಾನೂ ತಪ್ಪಿಸಬೇಡಿ, ನೀಲಿದು ಯಾವಾಗಲೂ ಜೇಬಲ್ಲಿರಲಿ. ಮದುವೆ ಮನೆಯವರಿಗೆ ಮೊದಲೇ ಹೇಳಿ, ಪಟಾಕಿ ಬೇಡ ಅಂತ."

ಹೊರಗೆ ಬಂದಾಗ ಆವಲಪ್ಪ ಆಸ್ಪತ್ರೆಯ ಬೇವಿನ ಮರದ ಕೆಳಗೆ ನಿಂತು, ಎದೆ ತುಂಬ ಉಸಿರೆಳೆದು, ಸುಮ್ಮನೆ ನಕ್ಕ. ತಿಂಗಳೊಪ್ಪತ್ತರಲ್ಲಿ ಅವನ ಸ್ವರ ಮತ್ತೆ ಬೆಳೆಯಿತು. ಬೆಳಗ್ಗೆ ಪಂಪು ಎಳೆದು ಗಳಗಳ ಬಾಯಿ ಮುಕ್ಕಳಿಸುವ ಸದ್ದೂ, ಅದರ ಹಿಂದೆಯೇ ಕ್ಲಾರಿನೆಟ್ಟೂ ಕೇಳಿದರೆ ಪಕ್ಕದ ಮನೆಯವರು ಹಾಸಿಗೆ ಬಿಟ್ಟು ಏಳುತ್ತಿದ್ದರು. ಅಶ್ವತ್ಥಮ್ಮನೂ ಪಂಪಿಗೆ ಅರಿಶಿನ ಕುಂಕುಮ ಹಚ್ಚಿ, ಆಮೇಲೆ ಮಗಳ ಕೈಯಲ್ಲಿ ಬೈಸಿಕೊಂಡು ಒರೆಸಿದಳು.

ಆದರೆ ಡಾಕ್ಟರು ಹೇಳಿದ ಕೊನೆಯ ಮಾತು ಮಾತ್ರ ನಡೆಯಲಿಲ್ಲ. ಪಟಾಕಿ ಬೇಡ ಎಂದು ಹೇಳಬೇಕಾದರೆ ಉಬ್ಬಸ ಇದೆ ಎಂದು ಹೇಳಬೇಕು. ಅದೇ ಹೊತ್ತಿಗೆ ಶ್ರೀವಿದ್ಯಾಳಿಗೆ ಗಂಡು ಗೊತ್ತಾಗಿತ್ತು.

ಹುಡುಗ ವೇಣು, ಗೌರಿಬಿದನೂರಿನಲ್ಲಿ ಲೈನ್‌ಮ್ಯಾನ್. ಬಂಗಾರದಂಥ ಹುಡುಗ, ಮಾತು ಕಡಿಮೆ, ನಗು ಜಾಸ್ತಿ. ತಾಯಿ ಶೋಭಾರಾಣಿ ಅಂಗನವಾಡಿ ಟೀಚರು, ಗಂಡನಿಲ್ಲದೆ ಒಬ್ಬಳೇ ಮಗನನ್ನು ಬೆಳೆಸಿದವಳು. ಆಂಧ್ರದ ಗಡಿಯ ಊರಾದ್ದರಿಂದ ಅವಳ ಮಾತಿನಲ್ಲಿ ಕನ್ನಡಕ್ಕೆ ತೆಲುಗು ಒಗ್ಗರಣೆ. ಮಾತುಕತೆಯ ದಿನ ಹಿರಿಯರೊಬ್ಬರು, ಎರಡೂ ಕಡೆ ಕಾಯಿಲೆ ಕಸಾಲೆ ಏನಾದರೂ ಇದೆಯೇ ಎಂದು ಕೇಳಿದರು. ಆವಲಪ್ಪ ಬಾಯಿ ತೆರೆಯುವಷ್ಟರಲ್ಲಿ ಅಶ್ವತ್ಥಮ್ಮ ಅವನ ತೊಡೆ ಚಿವುಟಿ, "ಏನೂ ಇಲ್ಲಪ್ಪ, ಎಲ್ಲ ಗುಂಡುಕಲ್ಲಿನಂಗೆ ಇದ್ದೀವಿ," ಎಂದಳು. ಶೋಭಾರಾಣಿಯೂ, "ನಮ್ಮಲ್ಲೂ ಅಂತೇ, ಏನೂ ಇಲ್ಲ," ಎಂದಳು. ಕಾಫಿ ಬಂತು, ತಾಂಬೂಲ ಬದಲಾಯಿತು.

ಉಬ್ಬಸ ವಂಶದಲ್ಲಿ ಹರಿಯುತ್ತದೆ ಎನ್ನುವ ಭಯ ನಮ್ಮ ಜನಕ್ಕೆ. ಅಪ್ಪನಿಗಿದ್ದರೆ ಮಗಳಿಗೂ ಇದೆ, ನಾಳೆ ಹುಟ್ಟುವ ಕೂಸಿಗೂ ಇದೆ ಎಂದು ಅಲ್ಲೇ ತೀರ್ಪು ಬರೆದುಬಿಡುತ್ತಾರೆ. "ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಹೇಳಿದ್ದು ಒಂದೇ ಒಂದು," ಎನ್ನುವುದು ಅಶ್ವತ್ಥಮ್ಮನ ವಾದ. ತಾಳಿ ಬೀಳುವವರೆಗೂ ಬಾಯಿ ಬಿಡಕೂಡದು ಎಂದು ಮಗಳಿಂದ ತನ್ನ ತಲೆಯ ಮೇಲೆ ಕೈಯಿಡಿಸಿ ಆಣೆ ಮಾಡಿಸಿಕೊಂಡಳು. ಗಂಡನಿಂದ ಆಣೆ ಬೇಕಾಗಲಿಲ್ಲ. ಅವನಿಗೆ ಭಯವೇ ಸಾಕಾಗಿತ್ತು.

ಮದುವೆ ಕೆಂಚಾರ್ಲಹಳ್ಳಿಯ ಸಮುದಾಯ ಭವನದಲ್ಲಿ. ಬುದ್ಧನ ಪಟದ ಮುಂದೆ, ಮುಹೂರ್ತ ಗಿಹೂರ್ತ ಎನ್ನದೆ ಭಾನುವಾರ ಇಟ್ಟುಕೊಂಡಿದ್ದರು. ಹಾಗೆಂದು ಹಿಂದಿನ ಸಂಜೆಯ ಮೆರವಣಿಗೆಯನ್ನು ಬಿಡುವಷ್ಟು ಯಾರೂ ಬದಲಾಗಿರಲಿಲ್ಲ. ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಶ್ರೀವಿದ್ಯಾ ಒಂದು ಮಾತು ತೆಗೆದುಕೊಂಡಿದ್ದಳು: ನನ್ನ ಮದುವೆಗೆ ಬೇರೆ ಯಾರೂ ಊದಕೂಡದು, ನೀನೇ ಊದಬೇಕು. ಆವಲಪ್ಪ ಅದಕ್ಕೆಂದೇ ರೇಷ್ಮೆ ಪಂಚೆ ಉಟ್ಟು, ಕ್ಲಾರಿನೆಟ್ಟಿನ ಹಿತ್ತಾಳೆ ಕೀಲಿಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತಂದಿದ್ದ.

ಮೆರವಣಿಗೆಯ ದಿನ ಮಧ್ಯಾಹ್ನ ಊಟವಾದ ಮೇಲೆ ವೇಣುವಿನ ಸೋದರಮಾವ ಮಧುಸೂದನ್ ಆವಲಪ್ಪನ ಕೈ ಹಿಡಿದು ಕಾರಿನ ಹಿಂದಕ್ಕೆ ಕರೆದುಕೊಂಡು ಹೋದ. ಚಿಕ್ಕಬಳ್ಳಾಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ, ಜೋರು ದನಿಯ, ತುಂಬಾ ಒಳ್ಳೆಯ ಮನುಷ್ಯ. ಡಿಕ್ಕಿ ತೆಗೆದು ತೋರಿಸಿದ. ಒಳಗೆ ಪಟಾಕಿ ಬಿಟ್ಟರೆ ಬೇರೇನೂ ಇರಲಿಲ್ಲ.

"ಬೀಗರೇ, ಎಷ್ಟೋ ಮದುವೇಲಿ ನೀವು ಬೇರೆಯವರ ಪಟಾಕಿಗೆ ಊದಿದ್ದೀರಿ. ಇವತ್ತು ನಿಮ್ಮ ಗೌರವಕ್ಕೆ ನಾನು ಹೊಡಿಸ್ತೀನಿ. ಹತ್ತು ಸಾವಿರದ ಸರ! ನಿಮ್ಮ ಮುಂದೇನೇ ಹಾಸಿಸ್ತೀನಿ!"

ಆವಲಪ್ಪನಿಗೆ ಹೊಗೆಯಿಲ್ಲದೆಯೇ ಎದೆ ಹಿಡಿಯಿತು. ಉಬ್ಬಸ ಎಂಬ ಮಾತು ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಯಿತು. ಅದರ ಬದಲು ಅವನ ಬಾಯಿಂದ ಬಂದದ್ದು: "ಈ ಊರಲ್ಲಿ ಹುಳದ ಮನೆಗಳು ಜಾಸ್ತಿ ಮಧುಸೂದನಪ್ಪ. ಹೊಗೆ ತಗುಲಿದ್ರೆ ರೇಷ್ಮೆ ಹುಳ ಸೊಪ್ಪು ಮುಟ್ಟಲ್ಲ."

ಎಂಥ ಜಾಣತನ! ರೇಷ್ಮೆ ಸೀಮೆಯಲ್ಲಿ ಹುಳಕ್ಕೆ ಆಗಲ್ಲ ಎಂದರೆ ಊರಿಗೆ ಊರೇ ಉಸಿರು ಬಿಗಿಹಿಡಿಯುತ್ತದೆ. ಹುಳದ ಮನೆಯ ಹತ್ತಿರ ಬೀಡಿ ಸೇದುವುದಿಲ್ಲ, ಒಗ್ಗರಣೆ ಹಾಕುವುದಿಲ್ಲ, ಸೆಂಟು ಹಾಕಿಕೊಂಡವನನ್ನು ಒಳಗೆ ಬಿಡುವುದಿಲ್ಲ. ಮನುಷ್ಯನಿಗೆ ಆಗಲ್ಲ ಎನ್ನುವುದಕ್ಕೆ ಮಾತ್ರ ನಾಚಿಕೆ. ಮಧುಸೂದನ್ ಹುಳ ಎಂದ ಕೂಡಲೇ ಗಂಭೀರನಾದ. "ಅಯ್ಯೋ, ಒಬ್ಬರ ಬೆಳೆ ಕೆಡಿಸಬಾರದು," ಎಂದು ಹೇಳಿ, ಬಿಸಿಲಲ್ಲೇ ಬೀದಿಬೀದಿ ಸುತ್ತಿ ಮನೆಮನೆ ವಿಚಾರಿಸಿಕೊಂಡು, ಬೆವರಿನಲ್ಲಿ ಮಿಂದು ವಾಪಸ್ಸು ಬಂದ. ಮುಖ ಹೂವಿನ ಹಾಗೆ ಅರಳಿತ್ತು.

"ಚಿಂತೆ ಮಾಡ್ಬೇಡಿ ಬೀಗರೇ! ಈ ರಸ್ತೇಲಿ ಎಲ್ಲರ ಹುಳಾನೂ ಗೂಡು ಕಟ್ಟಿ ಮುಗಿಸೈತೆ, ಗೂಡೆಲ್ಲ ಶಿಡ್ಲಘಟ್ಟದ ಮಾರ್ಕೆಟ್ಟಿಗೂ ಹೋಗಾಯ್ತು. ಹೊಸ ಮರಿ ಬರೋದು ಮುಂದಿನ ವಾರ. ಒಂದು ಹುಳಕ್ಕೂ ತೊಂದರೆ ಇಲ್ಲ!"

ಇನ್ನೇನು ಮಾಡುವುದು? ಆವಲಪ್ಪ ಮಗಳ ಕೋಣೆಗೆ ಹೋದ. ಹೆಂಗಸರು ಅವಳಿಗೆ ಜಡೆ ಹಾಕುತ್ತಿದ್ದರು. ಅಪ್ಪನ ಮುಖ ನೋಡಿಯೇ ಅವಳು ಎಲ್ಲರನ್ನೂ ಆಚೆ ಕಳಿಸಿದಳು.

"ಹತ್ತು ಸಾವಿರದ ಸರ ಅಂತೆ ಕಣಮ್ಮ. ಚೆನ್ನರಾಯಪ್ಪ ಮುಚ್ಚಾಕ್ತಾನೆ. ನಾನು ಬೆರಳಾಡಿಸ್ತೀನಿ, ಯಾರಿಗೂ ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲಪ್ಪ," ಎಂದಳು ಶ್ರೀವಿದ್ಯಾ. "ಸುಳ್ಳು ಊದೋದಾದ್ರೆ ಊದಲೇಬೇಡ. ಸುಮ್ನೆ ನನ್ನ ಪಕ್ಕ ನಡ್ಕೊಂಡು ಬಾ, ಅದೇ ಸಾಕು. ಅಮ್ಮ ನನ್ನ ಬಾಯಿ ಕಟ್ಟಿದ್ದಾಳೆ. ನಿನ್ನ ಬಾಯಿ ಯಾರೂ ಕಟ್ಟಿಲ್ಲ. ನಿನ್ನ ಉಬ್ಬಸ ಕೇಳಿ ಬೇಡ ಅನ್ನೋ ಮನೆಯಾದ್ರೆ, ಅಂಥ ಮನೆಗೆ ನನ್ನ ಯಾಕಪ್ಪ ಕಳಿಸ್ತೀಯ?"

ಅವನು ಅವಳ ತಲೆ ಸವರಿ ಹೊರಗೆ ಬಂದ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಬಸ್‌ಸ್ಟ್ಯಾಂಡಿನಿಂದ ಮೆರವಣಿಗೆ ಹೊರಟಿತು. ಮದುಮಕ್ಕಳು ಹೂವಿನ ಕಾರಿನಲ್ಲಿ. ಮುಂದೆ ಕೆಂಪು ಕೋಟಿನ ಬ್ಯಾಂಡು, ಅದರ ಮುಂದೆ ರೇಷ್ಮೆ ಪಂಚೆಯ ಆವಲಪ್ಪ. ಹುಡುಗರು ಎತ್ತಿದ ಕೈ ಇಳಿಸದೆ ಕಾಯುತ್ತಿದ್ದಾರೆ. ಎದುರಿಗೆ ರಸ್ತೆಯುದ್ದಕ್ಕೂ ಕೆಂಪು ಸರ ಮಲಗಿದೆ. ಅದರ ತುದಿಯಲ್ಲಿ ಮಧುಸೂದನ್, ಕೈಯಲ್ಲಿ ಹೊಗೆಯಾಡುವ ಊದುಕಡ್ಡಿ ಹಿಡಿದು, "ಬೀಗರೇ, ರೆಡೀನಾ?" ಎಂದು ಕೂಗಿದ.

ಆವಲಪ್ಪ ಕ್ಲಾರಿನೆಟ್ಟನ್ನು ತುಟಿಗಿಟ್ಟ. ಪಕ್ಕದಲ್ಲಿ ಚೆನ್ನರಾಯಪ್ಪ, ನಾನಿದ್ದೀನಿ ಎನ್ನುವಂತೆ ಕಣ್ಣು ಮಿಟುಕಿಸಿ ಟ್ರಂಪೆಟ್ ಎತ್ತಿದ. ಆವಲಪ್ಪ ತಿರುಗಿ ಕಾರಿನ ಕಡೆ ನೋಡಿದ. ಶ್ರೀವಿದ್ಯಾ ಕಣ್ಣು ಕದಲಿಸದೆ ಅವನನ್ನೇ ನೋಡುತ್ತಿದ್ದಳು.

ಅವನು ಕ್ಲಾರಿನೆಟ್ಟನ್ನು ಕೆಳಗಿಳಿಸಿದ.

"ಮಧುಸೂದನಪ್ಪ, ಹಚ್ಚಬೇಡಿ. ನಂಗೆ ಉಬ್ಬಸ ಐತೆ."

ದನಿ ತಾನೆಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ಡ್ರಮ್ಮು ಅರ್ಧಕ್ಕೆ ನಿಂತಿತು. ಆಡಿದ ಮೇಲೆ ಅವನಿಗೆ ನಿಲ್ಲಿಸಲು ಬರಲಿಲ್ಲ. "ಪಟಾಕಿಯೊಳಗೆ ಗಂಧಕ ಇರುತ್ತೆ. ಅದರ ಹೊಗೆ ಕುಡಿದ್ರೆ ನನ್ನ ಎದೆ ಮುಚ್ಕೊಳ್ಳುತ್ತೆ. ಊದೋಕಾಗಲ್ಲ. ನನ್ನ ಮಗಳ ಮೆರವಣಿಗೇಲಿ ನಾನು ನಿಜವಾಗಿ ಊದಬೇಕು. ಮುಂಚೇನೇ ಹೇಳಬೇಕಾಗಿತ್ತು, ಮುಚ್ಚಿಟ್ಟಿದ್ದು ನನ್ನ ತಪ್ಪು. ನನ್ನ ಮಗಳದ್ದಲ್ಲ."

ಅಶ್ವತ್ಥಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಮುಳುಗಿಸಿಬಿಟ್ಟೆಯಲ್ಲೋ ಮಹಾರಾಯ," ಎಂದಳು. ಜನರ ಮಧ್ಯದಿಂದ, ಉಬ್ಬಸವಂತೆ, ಉಬ್ಬಸವಂತೆ ಎಂಬ ಗುಸುಗುಸು ಹಿಂದಕ್ಕೆ ಹರಿಯಿತು. ಅದು ಮೆರವಣಿಗೆಯ ಬಾಲಕ್ಕೆ ಮುಟ್ಟುತ್ತಿದ್ದಂತೆ ಅಲ್ಲಿಂದ ಶೋಭಾರಾಣಿ ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಮೂಗಿಗೆ ಸೆರಗು ಒತ್ತಿ ಹಿಡಿದಿದ್ದಳು. ಇದೋ, ಮುರಿಯಿತು ಸಂಬಂಧ ಎಂದುಕೊಂಡ ಆವಲಪ್ಪ.

"ಯಾವಾಗಿಂದ?" ಎಂದಳು ಅವಳು.

"ಮೂರ್ನಾಲ್ಕು ವರ್ಷ ಆಯ್ತಮ್ಮ."

"ಔಷಧಿ?"

ಅವನು ಜೇಬಿನಿಂದ ನೀಲಿ ಪಂಪು ತೆಗೆದು ತೋರಿಸಿದ. ಶೋಭಾರಾಣಿ ಅದನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಆಮೇಲೆ ತನ್ನ ಕೈಚೀಲದೊಳಗೆ ಕೈಹಾಕಿ, ಕರ್ಚೀಫು, ಕುಂಕುಮದ ಪೊಟ್ಟಣ, ಬೀಗದ ಕೈ ಎಲ್ಲವನ್ನೂ ಆಚೀಚೆ ಸರಿಸಿ, ತಳದಿಂದ ಅದೇ ಬಣ್ಣದ, ಅದೇ ಆಕಾರದ ಇನ್ನೊಂದು ಪಂಪನ್ನು ಹೊರಗೆ ತೆಗೆದಳು.

"ನಾನೂ ಅದೇ ಗಿರಾಕಿ ಕಣಣ್ಣಾ," ಎಂದಳು.

ಮೊದಲು ನಕ್ಕದ್ದು ವೇಣು. ಕಾರಿನಲ್ಲಿ ಕೂತೇ ಬಾಸಿಂಗ ಅಲ್ಲಾಡುವ ಹಾಗೆ ನಕ್ಕ. ಆಮೇಲೆ ಶ್ರೀವಿದ್ಯಾ, ಆಮೇಲೆ ಬ್ಯಾಂಡಿನವರು, ಆಮೇಲೆ ಬೀದಿಗೆ ಬೀದಿಯೇ. ಮಧುಸೂದನ್ ಒಬ್ಬ ಮಾತ್ರ ಊದುಕಡ್ಡಿ ಹಿಡಿದು ಬೆಪ್ಪನ ಹಾಗೆ ನಿಂತಿದ್ದ.

"ಅಕ್ಕಾ! ನಿಂಗೆ ಉಬ್ಬಸಾನಾ? ನಂಗೇ ಹೇಳಿಲ್ಲ?"

"ನಿಂಗೆ ಹೇಳಿದ್ರೆ ಮೈಕಲ್ಲಿ ಹೇಳಿದಂಗೆ ಕಣೋ," ಎಂದಳು ಶೋಭಾರಾಣಿ. "ನಮ್ಮ ಮನೆ ಹಿಂದೇನೇ ಇಟ್ಟಿಗೆ ಗೂಡು ಅಲ್ವಾ, ಅದರ ಹೊಗೆ ಈ ಕಡೆ ತಿರುಗಿದ ದಿನ ನನ್ನ ಕಥೆ ಮುಗೀತು. ಗೊತ್ತಾದ್ರೆ ಹೆಣ್ಣು ಕೊಡೋರು ಹಿಂದಕ್ಕೆ ಹೋಗ್ತಾರೆ ಅಂತ ಮಗನ ಬಾಯಿಗೂ ಬೀಗ ಹಾಕಿದ್ದೆ."

ಅಶ್ವತ್ಥಮ್ಮ ಸೆರಗಿನಿಂದ ಮುಖ ಹೊರಗೆ ತೆಗೆದಳು. ಅವಳ ಬುದ್ಧಿ ಯಾವಾಗಲೂ ಚುರುಕು. "ನೋಡಿದ್ರಾ! ನಾವು ಒಂದು ಸುಳ್ಳು ಹೇಳಿದ್ವಿ, ನೀವೂ ಒಂದು ಹೇಳಿದ್ರಿ. ಲೆಕ್ಕ ಸರಿಯಾಯ್ತು," ಎಂದಳು. ಶೋಭಾರಾಣಿ ಅವಳನ್ನು "ವದಿನಾ!" ಎಂದು ತೆಲುಗಿನಲ್ಲಿ ಅತ್ತಿಗೆಯೆಂದು ಕರೆದು ಬಾಚಿ ತಬ್ಬಿಕೊಂಡಳು. ಇಬ್ಬರೂ ನಡುರಸ್ತೆಯಲ್ಲಿ ನಗುತ್ತ ಅಳುತ್ತ ನಿಂತರು.

ಮಧುಸೂದನ್ ಊದುಕಡ್ಡಿಯನ್ನು ಚರಂಡಿಗೆ ಎಸೆದು, ಹತ್ತು ಸಾವಿರದ ಸರವನ್ನು ಹಾಸಿಗೆ ಸುತ್ತುವ ಹಾಗೆ ಸುತ್ತಿ ಡಿಕ್ಕಿಗೆ ಹಾಕಿದ. ಜನರೇಟರ್ ಗಾಡಿಯನ್ನೂ ತಾನೇ ಬೈದು ಹಿಂದಕ್ಕೆ ಅಟ್ಟಿದ. ಹುಡುಗರು ಮುಖ ಊದಿಸಿಕೊಂಡರು. "ಸದ್ದು ತಾನೇ ಬೇಕು ನಿಮಗೆ?" ಎಂದು ಚೆನ್ನರಾಯಪ್ಪ ಡ್ರಮ್ಮಿನವರಿಗೆ ಸನ್ನೆ ಮಾಡಿದ. ಅವರು ಬಾರಿಸಿದ ರಭಸಕ್ಕೆ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲ ಎದ್ದು ಹಾರಿದವು.

ಆವಲಪ್ಪ ಊದಿದ. ಎದೆಯ ಆಳದಿಂದ ಗಾಳಿ ಎಳೆದು, ಎಳೆದದ್ದನ್ನೆಲ್ಲ ಮಗಳಿಗೆ ಕೊಟ್ಟು ಊದಿದ. ಮದುವೆಯ ಹಾಡು, ತೆಲುಗು ಸಿನಿಮಾ ಹಾಡು, ತೊಟ್ಟಿಲ ಹಾಡು, ಒಂದರ ಬಾಲಕ್ಕೆ ಇನ್ನೊಂದು. ಅವನಿಗೆ ಕುಣಿಯಬೇಕು ಅನ್ನಿಸುತ್ತಿತ್ತು, ಊದುವವನು ಕುಣಿಯಲಾರ. ಅವನ ಬದಲು ಶೋಭಾರಾಣಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬ್ಯಾಂಡಿನ ಎದುರಿಗೆ ಬಂದಳು.

"ನನ್ನ ತಮ್ಮನ ಮದುವೇಲೂ ನಾನು ಹಿಂದೆ ಉಳಿದವಳು ಅಣ್ಣಾ, ಈ ಹೊಗೆಗೆ ಹೆದರಿ. ಮಗನ ಮೆರವಣಿಗೇಲೂ ಬಾಲದಲ್ಲೇ ಬರ್ತಿದ್ದೆ," ಎಂದಳು. ಮುಂದೆ ಮಾತು ಬೇಕಾಗಲಿಲ್ಲ. ಅಂಗನವಾಡಿ ಮಕ್ಕಳಿಗೆ ಕಲಿಸುವ ಹೆಜ್ಜೆಗಳೇ ಅವಳಿಗೆ ಬರುತ್ತಿದ್ದದ್ದು. ಅವನ್ನೇ ಹಾಕಿ ಹಾಕಿ ಕುಣಿದಳು. ಅಶ್ವತ್ಥಮ್ಮನನ್ನೂ ಎಳೆದುಕೊಂಡಳು.

ಸಮುದಾಯ ಭವನ ಬಂದೇಬಿಟ್ಟಿತು. ಆರತಿ ತಟ್ಟೆ ಹಿಡಿದವರು ಬಾಗಿಲಲ್ಲಿ ಕಾಯುತ್ತಿದ್ದರು. ಸಾರು ಆರಿಹೋಗುತ್ತಿದೆ ಎಂದು ಅಡುಗೆಯವರು ಒಳಗಿನಿಂದ ಗೊಣಗುತ್ತಿದ್ದರು. ಶೋಭಾರಾಣಿ ಮೆಟ್ಟಿಲ ಹತ್ತಿರ ನಿಂತು, ಬೆವರು ಒರೆಸಿಕೊಂಡು, ಒಂದು ದೀರ್ಘ ಉಸಿರು ಎಳೆದುಕೊಂಡಳು. ಅದು ಸಲೀಸಾಗಿ ಒಳಗೆ ಹೋಗಿ, ಸಲೀಸಾಗಿ ಹೊರಗೆ ಬಂತು.

"ಇಷ್ಟು ಬೇಗ ಒಳಗೆ ಯಾಕೆ?" ಎಂದಳು. "ಅಣ್ಣಾ, ಇನ್ನೊಂದು ಸುತ್ತು ಹೋಗಿ ಬರಣ."

ಬೀಗಿತ್ತಿಯ ಮಾತು ಮೀರುವುದುಂಟೇ? ಹೂವಿನ ಕಾರನ್ನು ಹಿಂದೆ ಮುಂದೆ ಮಾಡಿ ತಿರುಗಿಸಿದರು, ಮತ್ತು ಮೆರವಣಿಗೆ ಬಂದ ದಾರಿಯಲ್ಲೇ ಬಸ್‌ಸ್ಟ್ಯಾಂಡಿನ ಕಡೆ ವಾಪಸ್ಸು ಹೊರಟಿತು.